ಅರೆಕಾಲಿಕ ವ್ಯವಹಾರಕ್ಕಾಗಿ ಪಡೆದ ಸಾಲದ ಬಡ್ಡಿ ಮತ್ತು ಆದಾಯ ತೆರಿಗೆ

ವೇತನದ ಉದ್ಯೋಗದಲ್ಲಿದ್ದುಕೊಂಡೇ ಹೊಲಿಗೆ, ಹಪ್ಪಳ ತಯಾರಿಕೆ, ಮುದ್ರಣ, ಮನೆಪಾಠ ಮುಂತಾದ ಸಣ್ಣ ವ್ಯವಹಾರವನ್ನು ನಡೆಸಲು ಸಾಲಕ್ಕೆ ಅರ್ಜಿ ಸಲ್ಲಿಸುವ ನಾಗರಿಕರು, ಸದರಿ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ದೊರೆಯುವುದೇ ಎಂದು ವಿಚಾರಿಸುವುದು ಸಾಮಾನ್ಯ. ಅಂತಹವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಉಲ್ಲೇಖಿಸಿದ ಪ್ರಕರಣಗಳು ಆದಾಯ ತೆರಿಗೆ ಅಧಿನಿಯಮ, 1961ಕ್ಕೆ ಸಂಬಂಧಿಸಿದ್ದು, 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಅನ್ವಯಿಸುತ್ತವೆ. 2026ರ ಏಪ್ರಿಲ್ 1ರಿಂದ ಗಳಿಸಿದ ಆದಾಯಕ್ಕೆ ಆದಾಯ ತೆರಿಗೆ ಅಧಿನಿಯಮ, 2025 ಅನ್ವಯವಾಗುತ್ತಿದ್ದು, ಅದರಲ್ಲಿ ಪ್ರಕರಣಗಳ ಸಂಖ್ಯೆಗಳು ಬೇರೆಯಾಗಿವೆ.

ಬಡ್ಡಿಯ ಕಳೆತ

ವ್ಯವಹಾರದ ಉದ್ದೇಶಕ್ಕಾಗಿ ಪಡೆದ ಬಂಡವಾಳದ ಮೇಲಿನ ಬಡ್ಡಿಯನ್ನು 36ನೇ ಪ್ರಕರಣದ 1ನೇ ಉಪಪ್ರಕರಣದ 3ನೇ ಖಂಡದಡಿ ವ್ಯವಹಾರದ ಆದಾಯದಿಂದ ಕಳೆಯಬಹುದು. ವ್ಯವಹಾರ ಪೂರ್ಣಾವಧಿಯದೋ ಅರೆಕಾಲಿಕವೋ ಎಂಬ ಭೇದವನ್ನು ಕಾನೂನು ಮಾಡಿರುವುದಿಲ್ಲ. ಸಾಲದ ಹೆಸರಾಗಲಿ, ಒತ್ತೆಯ ಸ್ವರೂಪವಾಗಲಿ ಮುಖ್ಯವಲ್ಲ. ಹಣ ಯಾವುದಕ್ಕೆ ವಿನಿಯೋಗವಾಯಿತು ಎಂಬುದೇ ಮುಖ್ಯ. ಆದ್ದರಿಂದ ಚಿನ್ನವನ್ನು ಒತ್ತೆಯಿಟ್ಟು ಅಥವಾ ಮನೆಯನ್ನು ಅಡಮಾನ ಮಾಡಿ ಪಡೆದ ಹಣವನ್ನು ವ್ಯವಹಾರದಲ್ಲಿ ತೊಡಗಿಸಿದ್ದಲ್ಲಿ ಅದರ ಬಡ್ಡಿಯೂ ವ್ಯವಹಾರದ ವೆಚ್ಚವೇ ಆಗಿರುತ್ತದೆ. ಇದಕ್ಕೆ ವಿರುದ್ಧವಾಗಿ, ವ್ಯವಹಾರದ ಹೆಸರಿನಲ್ಲಿ ಮಂಜೂರಾದ ಸಾಲವನ್ನು ಮದುವೆಗೆ ಖರ್ಚು ಮಾಡಿದ್ದಲ್ಲಿ ಆ ಬಡ್ಡಿಯನ್ನು ಕಳೆಯಲು ಬರುವುದಿಲ್ಲ.

ಅಸಲಿನ ಮರುಪಾವತಿ ವೆಚ್ಚವಲ್ಲ. ಮಾಸಿಕ ಕಂತಿನ ಪೂರ್ಣ ಮೊತ್ತವನ್ನು ವೆಚ್ಚವೆಂದು ತೋರಿಸುವುದು ಪದೇ ಪದೇ ಕಂಡುಬರುವ ತಪ್ಪಾಗಿದೆ. ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರವನ್ನು ಪಡೆದು ಕಂತಿನಲ್ಲಿನ ಬಡ್ಡಿಯ ಭಾಗವನ್ನು ಮಾತ್ರ ತೋರಿಸತಕ್ಕದ್ದು. ಸಾಲಕ್ಕೆ ಬ್ಯಾಂಕು ವಿಧಿಸುವ ಸೇವಾ ಶುಲ್ಕವೂ ಬಡ್ಡಿ ಎಂಬ ಪದದ ವ್ಯಾಖ್ಯೆಯಲ್ಲಿ ಸೇರಿದೆ.

ಸಾಲದ ಹಣದಿಂದ ಯಂತ್ರವನ್ನು ಕೊಂಡಾಗ, ಸಾಲ ಪಡೆದ ದಿನದಿಂದ ಯಂತ್ರವನ್ನು ಮೊದಲ ಬಾರಿಗೆ ಬಳಕೆಗೆ ತಂದ ದಿನದವರೆಗಿನ ಬಡ್ಡಿಯನ್ನು ನೇರವಾಗಿ ಕಳೆಯುವಂತಿಲ್ಲ. ಅದು ಯಂತ್ರದ ಬೆಲೆಗೆ ಸೇರಿ, ಸವಕಳಿಯ ಮೂಲಕ ಕ್ರಮೇಣ ದೊರೆಯುತ್ತದೆ.

ಉದಾಹರಣೆ

ಖಾಸಗಿ ಶಾಲೆಯ ಶಿಕ್ಷಕಿಯೊಬ್ಬರು 2024ರ ಜುಲೈ 1ರಂದು ಶೇ. 12ರ ಬಡ್ಡಿ ದರದಲ್ಲಿ ರೂ. 3,00,000 ಸಾಲ ಪಡೆದರೆಂದು ಭಾವಿಸೋಣ. ಮೊದಲ ವರ್ಷ ಬಡ್ಡಿ ಪಾವತಿ ಮಾತ್ರ. ಅಸಲಿನ ಕಂತು ಇಲ್ಲ. ಇದರಲ್ಲಿ ರೂ. 2,00,000 ಹೊಲಿಗೆ ಯಂತ್ರಗಳಿಗೆ, ರೂ. 1,00,000 ಮಗಳ ಕಾಲೇಜು ಶುಲ್ಕಕ್ಕೆ ವಿನಿಯೋಗವಾಯಿತು. ಯಂತ್ರಗಳು ಸೆಪ್ಟೆಂಬರ್ 1ರಂದು ಬಳಕೆಗೆ ಬಂದವು. ಮಾರ್ಚ್ ಅಂತ್ಯದವರೆಗೆ ಪಾವತಿಸಿದ ಒಟ್ಟು ಬಡ್ಡಿ ರೂ. 27,000. ಇದರಲ್ಲಿ ಶುಲ್ಕಕ್ಕೆ ಸಂಬಂಧಿಸಿದ ರೂ. 9,000 ವೈಯಕ್ತಿಕವಾದುದು. ಜುಲೈ ಮತ್ತು ಆಗಸ್ಟ್ ತಿಂಗಳ ರೂ. 4,000 ಯಂತ್ರದ ಬೆಲೆಗೆ ಸೇರುತ್ತದೆ. ಉಳಿದ ರೂ. 14,000 ಮಾತ್ರ ಆ ವರ್ಷದ ವೆಚ್ಚ. ಯಂತ್ರಗಳು 180 ದಿನಗಳಿಗಿಂತ ಹೆಚ್ಚು ಬಳಕೆಯಾಗಿರುವುದರಿಂದ ರೂ. 2,04,000ರ ಮೇಲೆ ಶೇ. 15ರಂತೆ ರೂ. 30,600 ಸವಕಳಿ ದೊರೆಯುತ್ತದೆ.

ಬಡ್ಡಿ ಮತ್ತು ಸವಕಳಿಗೆ ಮುಂಚಿನ ಲಾಭ ರೂ. 38,000 ಆಗಿದ್ದಲ್ಲಿ, ಎರಡನ್ನೂ ಕಳೆದ ನಂತರ ರೂ. 6,600 ಕೊರತೆ ಉಳಿಯುತ್ತದೆ. ಈ ಕೊರತೆಯನ್ನು ಅವರ ವೇತನದಿಂದ ಕಳೆಯಲು ಸಾಧ್ಯವಿಲ್ಲ. 71ನೇ ಪ್ರಕರಣದ 2ಎ ಉಪಪ್ರಕರಣ ಅದನ್ನು ನಿರ್ಬಂಧಿಸಿದೆ. ವ್ಯವಹಾರದಲ್ಲಿ ನಷ್ಟ ತೋರಿಸಿದರೆ ವೇತನದಲ್ಲಿ ಕಡಿತವಾದ ತೆರಿಗೆ ಮರಳಿ ಬರುತ್ತದೆ ಎಂಬ ಸಲಹೆಯನ್ನು ನಂಬಿ ಸಾಲ ಮಾಡುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಉದಾಹರಣೆಯಲ್ಲಿನ ಕೊರತೆ ಸವಕಳಿಯಿಂದ ಉಂಟಾದುದಾದ್ದರಿಂದ ವರ್ಷಗಳ ಮಿತಿಯಿಲ್ಲದೆ ಮುಂದಕ್ಕೆ ಸಾಗುತ್ತದೆ. ಇತರೆ ವ್ಯವಹಾರ ನಷ್ಟವನ್ನು 8 ಕರನಿರ್ಧಾರಣಾ ವರ್ಷಗಳವರೆಗೆ ವ್ಯವಹಾರದ ಲಾಭದೊಂದಿಗೆ ಮಾತ್ರ ಹೊಂದಿಸಬಹುದು. ಅದಕ್ಕೆ ರಿಟರ್ನ್ ಅನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸಿರಬೇಕು.

ಅಂದಾಜು ಆದಾಯದ ಪದ್ಧತಿ

44ಎಡಿ ಪ್ರಕರಣದಡಿ ಅರ್ಹ ವ್ಯವಹಾರಸ್ಥರು ಲೆಕ್ಕಪುಸ್ತಕಗಳ ಗೊಡವೆಯಿಲ್ಲದೆ ವಹಿವಾಟಿನ ಶೇ. 8ನ್ನು, ಬ್ಯಾಂಕ್ ಅಥವಾ ವಿದ್ಯುನ್ಮಾನ ಮಾರ್ಗದಲ್ಲಿ ಬಂದ ಹಣಕ್ಕೆ ಶೇ. 6ನ್ನು ಆದಾಯವೆಂದು ಘೋಷಿಸಬಹುದು. ಕಮಿಷನ್, ದಲ್ಲಾಳಿ ಮತ್ತು ಏಜೆನ್ಸಿ ವ್ಯವಹಾರಗಳಿಗೆ ಇದು ಲಭ್ಯವಿಲ್ಲ. ಈ ಪದ್ಧತಿಯಲ್ಲಿ ಬಡ್ಡಿ ಹಾಗೂ ಸವಕಳಿಯನ್ನು ಈಗಾಗಲೇ ಕಳೆಯಲಾಗಿದೆ ಎಂದೇ ಭಾವಿಸಲಾಗುವುದರಿಂದ ಪ್ರತ್ಯೇಕ ಕಳೆತವಿಲ್ಲ. ಮೇಲ್ಕಂಡ ಶಿಕ್ಷಕಿಯ ವಹಿವಾಟು ರೂ. 3,00,000 ಇದ್ದು, ಪೂರ್ತಿ ಬ್ಯಾಂಕಿನ ಮೂಲಕ ಬಂದಿದ್ದರೆ, ರೂ. 18,000 ತೆರಿಗೆಗೆ ಒಳಪಡುವ ಆದಾಯವಾಗುತ್ತಿತ್ತು. ಸಾಲದ ಹೊರೆ ಹೆಚ್ಚಿರುವ ಆರಂಭದ ವರ್ಷಗಳಲ್ಲಿ ಲೆಕ್ಕ ಬರೆದಿಡುವ ಶ್ರಮ ವ್ಯರ್ಥವಾಗಲಾರದು. ಒಮ್ಮೆ ಈ ಪದ್ಧತಿಯನ್ನು ಆಯ್ದುಕೊಂಡು ಮುಂದಿನ 5 ವರ್ಷಗಳೊಳಗೆ ಕೈಬಿಟ್ಟಲ್ಲಿ, ಅನಂತರದ 5 ವರ್ಷ ಅದು ದೊರೆಯುವುದಿಲ್ಲ.

ಗಮನಿಸಬೇಕಾದ ಇತರೆ ಅಂಶಗಳು

ಬ್ಯಾಂಕಿಗೆ ಕೊಡಬೇಕಾದ ಬಡ್ಡಿಯು ವಾಸ್ತವವಾಗಿ ಪಾವತಿಯಾಗಿದ್ದಲ್ಲಿ ಮಾತ್ರ ಕಳೆತ ದೊರೆಯುತ್ತದೆ (43ಬಿ ಪ್ರಕರಣ). ಬಾಕಿ ಬಡ್ಡಿಯನ್ನು ಬ್ಯಾಂಕು ಹೊಸ ಸಾಲವಾಗಿ ಪರಿವರ್ತಿಸಿದರೆ ಅದು ಪಾವತಿ ಎನಿಸುವುದಿಲ್ಲ. ಬಂಧುಗಳು ಅಥವಾ ಸ್ನೇಹಿತರಿಂದ ರೂ. 20,000 ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು 269ಎಸ್‌ಎಸ್ ಪ್ರಕರಣ ನಿಷೇಧಿಸಿದ್ದು, ಸಾಲದ ಮೊತ್ತದಷ್ಟೇ ದಂಡಕ್ಕೆ ಅವಕಾಶವಿದೆ. ಕೈಸಾಲವನ್ನೂ ಬ್ಯಾಂಕ್ ಖಾತೆಯ ಮೂಲಕವೇ ಪಡೆಯುವುದು ಕ್ಷೇಮ. ಯಂತ್ರಕ್ಕೆಂದು ಸರ್ಕಾರದ ಸಹಾಯಧನ ದೊರೆತಿದ್ದಲ್ಲಿ ಆ ಮೊತ್ತವನ್ನು ಯಂತ್ರದ ಬೆಲೆಯಿಂದ ತಗ್ಗಿಸಿ ಸವಕಳಿಯನ್ನು ಲೆಕ್ಕ ಹಾಕತಕ್ಕದ್ದು.

ವ್ಯವಹಾರದ ಬಡ್ಡಿಯ ಕಳೆತ ಹಳೆಯ ಮತ್ತು ಹೊಸ ಎರಡೂ ತೆರಿಗೆ ಪದ್ಧತಿಗಳಲ್ಲಿ ಲಭ್ಯವಿದೆ. ಆದರೆ ವ್ಯವಹಾರದ ಆದಾಯವಿರುವವರು ವೇತನದಾರರಂತೆ ಪ್ರತಿ ವರ್ಷ ಪದ್ಧತಿಯನ್ನು ಬದಲಿಸುವಂತಿಲ್ಲ. ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳಿದವರಿಗೆ, ವ್ಯವಹಾರದ ಆದಾಯ ಇರುವವರೆಗೆ ಮತ್ತೆ ಹಳೆಯದು ದೊರೆಯದು. ಇಂತಹವರು ಐಟಿಆರ್-1 ನಮೂನೆಯನ್ನು ಬಳಸುವಂತಿಲ್ಲ. ಲೆಕ್ಕಪುಸ್ತಕಗಳ ಆಧಾರದಲ್ಲಿ ಐಟಿಆರ್-3 ಅಥವಾ ಅಂದಾಜು ಪದ್ಧತಿಯಲ್ಲಿ ಅರ್ಹತೆಗೆ ಒಳಪಟ್ಟು ಐಟಿಆರ್-4 ಸಲ್ಲಿಸತಕ್ಕದ್ದು.

ಸರ್ಕಾರಿ ನೌಕರರಿಗೆ ವ್ಯವಹಾರ ನಡೆಸಲು ನಡತೆ ನಿಯಮಗಳ ನಿರ್ಬಂಧವಿರುವುದರಿಂದ, ಅವರು ಸಾಲದ ಅರ್ಜಿಗೆ ಮುನ್ನ ಸಕ್ಷಮ ಪ್ರಾಧಿಕಾರದ ಅನುಮತಿಯ ಬಗ್ಗೆ ಖಚಿತಪಡಿಸಿಕೊಳ್ಳತಕ್ಕದ್ದು.

ಸಾಲ ಮಂಜೂರಾತಿ ಪತ್ರ, ಬಡ್ಡಿ ಪ್ರಮಾಣಪತ್ರ, ಯಂತ್ರದ ಬಿಲ್ಲು ಮತ್ತು ಹಣ ಸಂದಾಯದ ಬ್ಯಾಂಕ್ ವಿವರವನ್ನು ಒಂದೇ ಕಡತದಲ್ಲಿ ಕಾಯ್ದಿರಿಸಿಕೊಳ್ಳುವುದು. ರಿಟರ್ನ್‌ನೊಂದಿಗೆ ಇವುಗಳನ್ನು ಲಗತ್ತಿಸುವ ಅಗತ್ಯವಿಲ್ಲ. ತೆರಿಗೆ ಅಧಿಕಾರಿಗಳು ಕೇಳಿದಾಗ ಹಾಜರುಪಡಿಸಬೇಕಾಗುತ್ತದೆ.