ಎಲೆ ಕಟ್ಟಿದ ದೊರೆ: ಮೈಸೂರಿನ ಛದದಿಂದ ಕಾರ್ಡ್ ಟೂರ್ನಮೆಂಟಿನವರೆಗೆ

ಪೋಕೆಮಾನ್ ಕಾರ್ಡ್ ಆಡುವ ಮಕ್ಕಳು "ಡೆಕ್ ಬಿಲ್ಡ್ ಮಾಡ್ತಿದ್ದೀನಿ" ಅಂತಾರೆ. ಇದನ್ನ ಕನ್ನಡದಲ್ಲಿ ಹೇಗೆ ಹೇಳೋದು ಅಂತ ಮಸ್ಕತ್‌ನಲ್ಲಿ ಬೆಳೆಯುತ್ತಿರುವ ಮಗು ಕೇಳಿದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಸ್ಪೀಟಿನ ಒಂದು ಪ್ಯಾಕಿಗೆ ನಾವು "ಕಟ್ಟು" ಅಂತೀವಿ. ಕಾರ್ಡಿಗೆ "ಎಲೆ" ಅಂತೀವಿ. ಹಾಗಾಗಿ ಡೆಕ್ ಬಿಲ್ಡಿಂಗ್ ಅಂದ್ರೆ ಕಟ್ಟು ಕಟ್ಟುವುದು, ಅಷ್ಟೇ.

ಪದ ಸುಲಭ, ಆದರೆ ಅದರ ಹಿಂದೆ ಒಂದು ಇತಿಹಾಸದ ಪ್ರಶ್ನೆ ಇದೆ. ಕಟ್ಟಿನಲ್ಲಿ ಎಷ್ಟು ಎಲೆ ಇರಬೇಕು, ಯಾವ ಎಲೆಗೆ ಯಾವ ಬೆಲೆ ಅನ್ನೋದನ್ನ ತೀರ್ಮಾನಿಸುವ ಹಕ್ಕು ಯಾರದ್ದು? ಇವತ್ತು ಟೂರ್ನಮೆಂಟಿಗೆ ಹೋಗುವ ಹನ್ನೆರಡು ವರ್ಷದ ಹುಡುಗಿ ತನ್ನ ಅರವತ್ತು ಎಲೆಗಳನ್ನು ತಾನೇ ಆರಿಸುತ್ತಾಳೆ. ಶತಮಾನಗಳ ಕಾಲ ಆ ಕೆಲಸ ಒಂದೋ ಸಂಪ್ರದಾಯದ್ದು, ಇಲ್ಲವೇ ರಾಜನದ್ದು. ಅಂಥ ರಾಜರಲ್ಲಿ ಅತಿ ದೊಡ್ಡ ಕಟ್ಟುಗಳನ್ನು ಯೋಚಿಸಿದವರೊಬ್ಬರು ನಮ್ಮ ಮೈಸೂರಿನಲ್ಲೇ ಇದ್ದರು.

ಒಂದು ಪದ, ಎರಡು ದಡ

ಕುವೈತ್‌ನ ಅರಬ್ಬಿ ಮಾತಿನಲ್ಲಿ ಇಸ್ಪೀಟ್ ಎಲೆಗಳಿಗೆ "ಜಂಜಫ" ಅನ್ನುತ್ತಾರೆ. ಕೊಲ್ಲಿಯಲ್ಲಿ ಕೆಲಸ ಮಾಡುವ ಕನ್ನಡಿಗರು ಈ ಪದ ಕೇಳಿದರೆ ಕಿವಿ ನೆಟ್ಟಗಾಗಬೇಕು. ಇದು ನಮ್ಮ "ಗಂಜೀಫ" ಪದವೇ. ಹದಿನೈದನೇ ಶತಮಾನದ ಈಜಿಪ್ಟಿನ ಇತಿಹಾಸಕಾರ ಇಬ್ನ್ ತಘ್ರಿಬಿರ್ದಿಯ ಬರಹದಲ್ಲೂ ಇದರ ಒಂದು ರೂಪ ಸಿಗುತ್ತದೆ. ಭಾರತದಲ್ಲಿ ಗಂಜೀಫದ ಮೊದಲ ಗಟ್ಟಿ ದಾಖಲೆ ಬಾಬರನ ಆತ್ಮಕಥೆಯದ್ದು: 1527ರಲ್ಲಿ ಅವನು ಸಿಂಧ್‌ನ ಶಾ ಹಸನ್‌ಗೆ ಗಂಜೀಫ ಎಲೆಗಳನ್ನು ಕಳಿಸಿಕೊಟ್ಟ, ಯಾಕಂದ್ರೆ ಶಾ ಹಸನ್‌ಗೆ ಅದು ಬಹಳ ಇಷ್ಟವಾಗಿತ್ತು, ಕೇಳಿ ತರಿಸಿಕೊಂಡ.

ಒಮಾನಿಗೂ ಮೈಸೂರಿಗೂ ನಂಟು ಇಲ್ಲದೇ ಇಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ. ಮಂಗಳೂರಿನ ಅಕ್ಕಿ, ಮಲೆನಾಡಿನ ಮೆಣಸು, ಏಲಕ್ಕಿ, ಗಂಧದ ಮರ ಆ ದಾರಿಯಲ್ಲಿ ಹೋಗುತ್ತಿದ್ದವು. ಈಗ ವಿಮಾನದಲ್ಲಿ ಮೂರು ಗಂಟೆ, ಆಗ ಗಾಳಿ ನೋಡಿಕೊಂಡು ಹಾಯಿ ಬಿಚ್ಚುವ ಪ್ರಯಾಣ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಬ್ರಿಟಿಷರು ಐದು ವರ್ಷದ ಒಬ್ಬ ಹುಡುಗನನ್ನು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿದರು. ನಮ್ಮ ಕಥೆಯ ದೊರೆ ಈ ಹುಡುಗನೇ, ಮುಮ್ಮಡಿ ಕೃಷ್ಣರಾಜ ಒಡೆಯರ್. ಅವರ ಕಟ್ಟುಗಳಿಗೆ ಹೋಗುವ ಮೊದಲು ಗಂಜೀಫ ಹೇಗೆ ಆಡೋದು ಅಂತ ಸ್ವಲ್ಪ ನೋಡಿಬಿಡೋಣ.

ಹತ್ತು ಅವತಾರ, ನೂರಿಪ್ಪತ್ತು ಎಲೆ

ಗಂಜೀಫದ ಎಲೆ ಸಾಮಾನ್ಯವಾಗಿ ದುಂಡಗೆ, ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಚಿತ್ರಗಾರರು ಕೈಯಲ್ಲೇ ಬರೆದು ಅರಗು ಹಚ್ಚುತ್ತಿದ್ದರು. ಮೊಘಲ್ ಕಟ್ಟಿನಲ್ಲಿ ಎಂಟು ಬಣ್ಣ, ಅಂದ್ರೆ ಎಂಟು ಸೂಟ್. ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 96. ದಶಾವತಾರ ಕಟ್ಟಿನಲ್ಲಿ ಮತ್ಸ್ಯದಿಂದ ಕಲ್ಕಿವರೆಗೆ ಹತ್ತು ಬಣ್ಣ, ಒಟ್ಟು 120. ಪ್ರತಿ ಬಣ್ಣದಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಒಂದರಿಂದ ಹತ್ತು. ರಾಣಿಯೂ ಇಲ್ಲ, ಗುಲಾಮನೂ ಇಲ್ಲ.

ಮೂರು ಜನ ಆಡುತ್ತಾರೆ. ಎಲ್ಲ ಎಲೆಯನ್ನೂ ಹಂಚಿಬಿಡುತ್ತಾರೆ, ತಲೆಗೆ ನಲವತ್ತು. ಹಾಕಿದ ಬಣ್ಣದಲ್ಲಿ ದೊಡ್ಡ ಎಲೆ ಯಾರದ್ದೋ ಅವರು ಆ ಸುತ್ತು ಗೆದ್ದಂತೆ. ತುರುಫು ಇಲ್ಲ. ಹಗಲಲ್ಲಿ ಆಡಿದರೆ ರಾಮನ ಎಲೆ ಇರುವವರು ಶುರು ಮಾಡಬೇಕು, ರಾತ್ರಿ ಆಡಿದರೆ ಕೃಷ್ಣನ ಎಲೆ ಇರುವವರು.

ಇದರಲ್ಲಿ ಒಂದು ತಿರುವು ಇದೆ. ಅರ್ಧ ಬಣ್ಣಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಅರ್ಧದಲ್ಲಿ ಉಲ್ಟಾ: ಒಂದು ದೊಡ್ಡದು, ಹತ್ತು ಚಿಕ್ಕದು. ಯುರೋಪಿನ ಹಳೆಯ ಟ್ಯಾರೊ ಆಟಗಳಲ್ಲೂ ಬಟ್ಟಲು ಮತ್ತು ನಾಣ್ಯದ ಬಣ್ಣಗಳಿಗೆ ಇದೇ ತಿರುಗುಮುರುಗು ಕ್ರಮ ಇತ್ತು.

ಎಲ್ಲ ಎಲೆಯೂ ಆಟದಲ್ಲಿರುತ್ತದೆ, ಮುಚ್ಚಿಟ್ಟ ರಾಶಿ ಅಂತ ಏನೂ ಇಲ್ಲ. ಹಾಗಾಗಿ ಗಂಜೀಫದ ಜಾಣತನವೆಲ್ಲ ನೆನಪಿನದ್ದು. ಯಾವ ಎಲೆ ಹೋಯಿತು, ಯಾವುದು ಇನ್ನೂ ಉಳಿದಿದೆ, ನನ್ನ ಏಳು ಈಗ ಆ ಬಣ್ಣಕ್ಕೆ ದೊಡ್ಡದಾಯಿತಾ? ಇದನ್ನ ಲೆಕ್ಕ ಇಡೋದೇ ಆಟ. ಕಟ್ಟಿನ ಮೇಲೆ ಮಾತ್ರ ಆಟಗಾರನ ಅಧಿಕಾರ ಸೊನ್ನೆ, ಅದು ಬಂದ ಹಾಗೆ ಬಂದದ್ದು.

ರಾಜನ ಕಟ್ಟು

ಕಟ್ಟನ್ನು ಬದಲಿಸಿದವರು ರಾಜರು. ಅಕ್ಬರನ ಕಾಲದ ಹನ್ನೆರಡು ಬಣ್ಣಗಳ, 144 ಎಲೆಗಳ ಒಂದು ಕಟ್ಟನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವರ್ಣಿಸಿದ್ದಾನೆ. ಅಶ್ವಪತಿ, ಗಜಪತಿ, ನರಪತಿ ಅಂತ ಬಣ್ಣಗಳ ಹೆಸರು. ಅಕ್ಬರ್ ಇದರಲ್ಲಿ ಕೆಲವು ಎಲೆಗಳನ್ನು ತನಗೆ ಬೇಕಾದಂತೆ ತಿದ್ದಿದ ಅಂತಲೂ ಹೇಳುತ್ತಾನೆ. ಆದರೆ ಮುಮ್ಮಡಿ ಕೃಷ್ಣರಾಜರ ಮುಂದೆ ಅಕ್ಬರ್ ಬರೀ ಎಡಿಟರ್ ಅನ್ನಿಸುತ್ತಾನೆ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೃಷ್ಣರಾಜರ ಕೈಯಿಂದ ಕಿತ್ತುಕೊಂಡು ಕಮಿಷನರುಗಳಿಗೆ ಒಪ್ಪಿಸಿದರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ಅವರು ಪಟ್ಟ ಇದ್ದೂ ಆಳ್ವಿಕೆ ಇಲ್ಲದ ದೊರೆ. ಆದರೆ ಅವರ ಆಸ್ಥಾನದಲ್ಲಿ ಸಂಗೀತ, ಸಾಹಿತ್ಯ, ಚಿತ್ರಕಲೆ ಬೆಳೆದವು. ಶ್ರೀತತ್ತ್ವನಿಧಿ ಎಂಬ ಒಂಬತ್ತು ನಿಧಿಗಳ ದೊಡ್ಡ ಸಚಿತ್ರ ಗ್ರಂಥ ಅವರ ಹೆಸರಿನಲ್ಲಿದೆ. ಮೊದಲಿನ ನಿಧಿಗಳು ದೇವತೆಗಳ ರೂಪ, ಗ್ರಹ ಮುಂತಾದವಕ್ಕೆ ಮೀಸಲು. ಕೊನೆಯದು ಕೌತುಕನಿಧಿ, ಆಟಗಳ ನಿಧಿ.

ಈ ದೊರೆಗೆ ಆಟ ಅಂದ್ರೆ ಗಣಿತವೂ ಹೌದು. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳಿಗೂ ಒಂದೊಂದೇ ಸಲ ಹೋಗಿ ಬರುವ ಒಗಟಿಗೆ ಅವರು ಉತ್ತರಗಳನ್ನು ಕಟ್ಟಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯ ಮೇಲಿನ ಅಂತಸ್ತಿನ ಗೋಡೆಗಳ ಮೇಲೆ ಅವರ ಕಾಲದ ಆಟದ ಪಟಗಳನ್ನು ಇಂದಿಗೂ ನೋಡಬಹುದು.

ಎಲೆಯಾಟಗಳಿಗೆ ಅವರ ಆಸ್ಥಾನದಲ್ಲಿ "ಛದ" ಅನ್ನುತ್ತಿದ್ದರು. ಸಂಸ್ಕೃತದ ಛದ ಪದಕ್ಕೆ ಎಲೆ ಎಂಬ ಅರ್ಥವೂ ಇದೆ. ಚಾಮುಂಡೇಶ್ವರಿ ಛದ, ನವಗ್ರಹ ಛದ, ಪಂಚಪಾಂಡವ ಛದ, ದಿಕ್ಪಾಲ ಛದ, ಕೃಷ್ಣರಾಜ ಛದ: ಹೀಗೆ ಒಂದೊಂದಕ್ಕೂ ಒಂದು ಲೋಕ. ಮಾದರಿ ಬಣ್ಣವೊಂದರಲ್ಲಿ ಹನ್ನೆರಡು ಅಂಕಿ ಎಲೆ, ಆರು ಚಿತ್ರದ ಎಲೆ. ಕೆಲವು ಆಟಗಳಿಗೆ ಹದಿನೆಂಟು ಬಣ್ಣ. ಶಾಶ್ವತ ತುರುಫು ಇತ್ತು, ಜೋಕರಿನಂತೆ ಯಾವ ಜಾಗದಲ್ಲೂ ಕೂರುವ ಎಲೆಗಳಿದ್ದವು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆ.

ಇವತ್ತಿನ ಕಾರ್ಡ್ ಗೇಮ್ ಡಿಸೈನರ್ ಈ ಪಟ್ಟಿ ನೋಡಿದರೆ ನಗುತ್ತಾನೆ, ಅಸೂಯೆಯನ್ನೂ ಪಡುತ್ತಾನೆ. ಹೊಸ ಬಣ್ಣ, ಹೊಸ ಪಾತ್ರ, ವಿಶೇಷ ಶಕ್ತಿಯ ಎಲೆ, ಎಲ್ಲ ಇಲ್ಲಿದೆ. ಇಲ್ಲದ್ದು ಒಂದೇ, ಎದುರಾಳಿ. 120 ಎಲೆಯ ಕಟ್ಟನ್ನು ನೆನಪಿಡೋದೇ ಕಷ್ಟ, 360 ಎಲೆ ಬರೆಸಲು ಚಿತ್ರಗಾರರೇ ಬೇಕು, ಕೊಳ್ಳಲು ಅರಮನೆಯ ಖಜಾನೆಯೇ ಬೇಕು. ಛದಗಳು ಅರಮನೆ ದಾಟಿ ಊರಿಗೆ ಹರಡಲಿಲ್ಲ. ಕೃಷ್ಣರಾಜರ ನಂತರ ಅವು ಆಟವಾಗಿ ಉಳಿಯಲಿಲ್ಲ, ಗ್ರಂಥವಾಗಿ ಮತ್ತು ಚಿತ್ರವಾಗಿ ಉಳಿದವು.

ಹಕ್ಕು ಆಟಗಾರನ ಕೈಗೆ

ಈಗ ಸುಮಾರು ನೂರಿಪ್ಪತ್ತೈದು ವರ್ಷ ಮುಂದೆ, ಅಮೆರಿಕಕ್ಕೆ ಹೋಗೋಣ. ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು, ವಿಷಯ ಕಾಂಬಿನೇಟೋರಿಕ್ಸ್. 1993ರ ಆಗಸ್ಟ್‌ನಲ್ಲಿ ಅವರ "ಮ್ಯಾಜಿಕ್: ದ ಗ್ಯಾದರಿಂಗ್" ಮಾರುಕಟ್ಟೆಗೆ ಬಂತು. ಮೊದಲ ಮುದ್ರಣದಲ್ಲಿ 295 ಬಗೆಯ ಎಲೆಗಳು. ಸಂಖ್ಯೆ ನೋಡಿದರೆ ಕೃಷ್ಣರಾಜರ ದೊಡ್ಡ ಛದಕ್ಕಿಂತ ಕಡಿಮೆಯೇ. ಹೊಸದು ಏನಂದ್ರೆ, ಎಲ್ಲರೂ ಒಂದೇ ಕಟ್ಟಿನಿಂದ ಆಡಬೇಕಿಲ್ಲ. ಸಿಕ್ಕ ಎಲೆಗಳಲ್ಲಿ ಆರಿಸಿ, ಬದಲಾಯಿಸಿಕೊಂಡು, ನಿಮ್ಮ ಕಟ್ಟನ್ನು ನೀವು ತನ್ನಿ, ನನ್ನದನ್ನು ನಾನು ತರುತ್ತೇನೆ. ರಾಜನ ಹಕ್ಕು ಆಟಗಾರನಿಗೆ ಬಂತು.

ಹಕ್ಕು ಬಂದ ತಕ್ಷಣ ತೊಂದರೆಯೂ ಬಂತು. ಮೊದಲ ನಿಯಮದ ಪ್ರಕಾರ ಕಟ್ಟಿನಲ್ಲಿ ಕನಿಷ್ಠ 40 ಎಲೆ ಇದ್ದರಾಯಿತು, ಒಂದೇ ಬಲವಾದ ಎಲೆಯ ಇಪ್ಪತ್ತು ಪ್ರತಿ ತುಂಬಿಸಿದರೂ ತಪ್ಪಿಲ್ಲ. ಹೀಗೆ ಕಟ್ಟಿದವರ ಎದುರು ಕೂರುವವರು ಯಾರು? 1994ರ ಹೊತ್ತಿಗೆ ಟೂರ್ನಮೆಂಟ್ ನಿಯಮ ಬಿಗಿಯಾಯಿತು: ಕನಿಷ್ಠ 60 ಎಲೆ, ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿಲ್ಲ, ಕೆಲವು ಎಲೆಗಳಿಗೆ ನಿಷೇಧ. ಅದೇ ವರ್ಷ ಮಿಲ್ವಾಕಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ಕಾರ್ಡ್ ಆಟವೂ 60 ಎಲೆ, ನಾಲ್ಕು ಪ್ರತಿ ಎಂಬ ಲೆಕ್ಕವನ್ನೇ ಹಿಡಿಯಿತು, ಮೂಲ ಎನರ್ಜಿ ಎಲೆಗಳಿಗೆ ಮಾತ್ರ ವಿನಾಯಿತಿ.

ಈ ಅಂಕಿಗಳ ಕೆಲಸ ಏನು ಅಂತ ಒಂದು ಲೆಕ್ಕದಲ್ಲಿ ನೋಡಿ. 60 ಎಲೆಯ ಕಟ್ಟಿನಲ್ಲಿ ನಿಮಗೆ ಬೇಕಾದ ಎಲೆಯ ನಾಲ್ಕು ಪ್ರತಿ ಇದೆ. ಮೊದಲ ಏಳು ಎಲೆಗಳಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 40. ಕಟ್ಟು 40 ಎಲೆಯದ್ದಾದರೆ 55. ಅದೇ ನಾಲ್ಕನ್ನು 360 ಎಲೆಗಳಲ್ಲಿ ಬೆರೆಸಿದರೆ 8ಕ್ಕೆ ಇಳಿಯುತ್ತದೆ. ಇದಕ್ಕೇ ಅನುಭವಿ ಆಟಗಾರರು ಕನಿಷ್ಠ ಸಂಖ್ಯೆಗಿಂತ ಒಂದು ಎಲೆಯನ್ನೂ ಹೆಚ್ಚು ಹಾಕೋದಿಲ್ಲ. ಕಟ್ಟು ಕಟ್ಟುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಷ್ಟವಾದ ಎಲೆಗಳನ್ನು ಹೊರಗಿಡುವುದೇ.

ಇನ್ನೊಂದು ನಿಯಮವೂ ಬಿದ್ದುಹೋಯಿತು. ಶುರುವಿನಲ್ಲಿ ಮ್ಯಾಜಿಕ್ ಆಡುವ ಇಬ್ಬರೂ ಒಂದೊಂದು ಎಲೆಯನ್ನು ಪಣಕ್ಕಿಡಬೇಕಿತ್ತು, ಗೆದ್ದವರಿಗೆ ಎರಡೂ. ಕೊಲ್ಲಿಯಲ್ಲಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. 2001ರಲ್ಲಿ ಸೌದಿ ಅರೇಬಿಯಾದ ಮುಫ್ತಿಗಳು ಪೋಕೆಮಾನ್ ವಿರುದ್ಧ ಫತ್ವಾ ಕೊಟ್ಟಾಗ ಹೇಳಿದ ಕಾರಣಗಳಲ್ಲಿ ಜೂಜಿನ ಹೋಲಿಕೆಯೂ ಒಂದು. ನಮ್ಮ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮೂರೆಲೆಯ ಜೂಜಿನಿಂದ ಬೇರೆ ಮಾಡಿದ್ದು 1960ರ ದಶಕದಲ್ಲಿ. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅಂತ ಯೋಚಿಸಬೇಕು, ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ ಎಂಬುದು ಅದರ ತರ್ಕ. ಗಂಜೀಫ ಆಡಿದ ಅಜ್ಜಂದಿರಿಗೆ ಈ ತರ್ಕ ಹೊಸದೇನೂ ಆಗಿರಲಿಕ್ಕಿಲ್ಲ.

ಉಳಿದ ಆಟಗಳು

ಹಾಗಾದರೆ ಯಾವ ಎಲೆಯಾಟ ಉಳಿಯಿತು? ಕರಾವಳಿ ಕಡೆಯವರಿಗೆ "ಇಪ್ಪತ್ತೆಂಟು" ಗೊತ್ತಿರುತ್ತದೆ. 32 ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1. ಬಣ್ಣಕ್ಕೆ ಏಳು, ನಾಲ್ಕು ಬಣ್ಣಕ್ಕೆ 28. ಸೌದಿ ಮತ್ತು ಸುತ್ತಲಿನ ಅರಬ್ಬರು ಆಡುವ "ಬಲೂತ್" ಕೂಡ 32 ಎಲೆ, ನಾಲ್ಕು ಜನ, ಇಬ್ಬಿಬ್ಬರ ಜೋಡಿ. ತುರುಫಿನಲ್ಲಿ ಅಲ್ಲಿಯೂ ಗುಲಾಮನೇ ದೊಡ್ಡವನು, ಅವನ ಹಿಂದೆ ಒಂಬತ್ತು. ಎರಡೂ ಯುರೋಪಿನ ಯಾಸ್ ಎಂಬ ಆಟದ ಬಳಗಕ್ಕೆ ಸೇರಿದವು ಅಂತ ಆಟಗಳ ಇತಿಹಾಸ ಬರೆದವರು ಹೇಳುತ್ತಾರೆ. ಯಾವ ರಾಜನೂ ಕಟ್ಟದ ಈ ಆಟಗಳು ಹಡಗು, ಬಂದರು, ಲೇಬರ್ ಕ್ಯಾಂಪ್ ದಾಟಿ ಬದುಕಿವೆ. ಅಗ್ಗದ ಒಂದು ಕಟ್ಟು, ನಾಲ್ಕು ಜನ, ಬಾಯಲ್ಲೇ ಹೇಳಿಕೊಡಬಹುದಾದ ನಿಯಮ ಇದ್ದರೆ ಸಾಕು.

ಮೈಸೂರು ಗಂಜೀಫಕ್ಕೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಚಿತ್ರದ ಕಲೆಯನ್ನು ಉಳಿಸಿದರು. ರುಡಾಲ್ಫ್ ಫಾನ್ ಲೇಡನ್ ಎಂಬ ಸಂಗ್ರಹಕಾರರು ಭಾರತದ ಎಲೆಗಳ ಬಗ್ಗೆ, ಮೈಸೂರು ಛದದ ಬಗ್ಗೆಯೂ, ಆಳವಾಗಿ ಬರೆದರು. ಇದೆಲ್ಲ ದೊಡ್ಡ ಕೆಲಸ. ಆದರೆ ಮಾನ್ಯತೆ ಸಿಕ್ಕಿರೋದು ಎಲೆ ಮಾಡುವ ಕೈಗೆ. ಎಲೆ ಹಾಕುವ ಕೈಗಳು ಕಡಿಮೆಯಾಗುತ್ತಲೇ ಇವೆ. ಫ್ರೇಮಿನೊಳಗೆ ಕೂತ ದಶಾವತಾರ ಗೋಡೆಗೆ ಚೆಂದ, ಆದರೆ ಅಲ್ಲಿ ವಾಮನನ ಹತ್ತು ಯಾರ ಎಲೆಯನ್ನೂ ಹೊಡೆಯೋದಿಲ್ಲ. ಕಾರ್ಡ್ ಟೂರ್ನಮೆಂಟುಗಳಿಂದ ನಾವು ಕಲಿಯಬೇಕಾದದ್ದು ಇದನ್ನೇ. ಅವು ಎಲೆಗಿಂತ ಹೆಚ್ಚಾಗಿ ಎದುರಾಳಿಯನ್ನು ಒದಗಿಸುತ್ತವೆ: ದಿನ, ಜಾಗ, ಎಲ್ಲರೂ ಒಪ್ಪಿದ ನಿಯಮ.

ನಿಮ್ಮ ಮನೆಯಲ್ಲಿ 96 ಎಲೆ

ಇದಕ್ಕೆ ಅರಮನೆ ಬೇಡ. ಹಿಂಬದಿ ಒಂದೇ ಥರ ಇರುವ ಎರಡು ಸಾಧಾರಣ ಇಸ್ಪೀಟ್ ಕಟ್ಟು ತನ್ನಿ. ಒಂದು ಕಟ್ಟಿನ ಎಲೆಗಳ ಮುಖದ ಮೂಲೆಗೆ ಪೆನ್ನಿನಲ್ಲಿ ಚುಕ್ಕಿ ಇಡಿ. ಈಗ ಎಂಟು ಬಣ್ಣ ಆಯಿತು. ಜೋಕರುಗಳನ್ನೂ ಎಂಟು ಗುಲಾಮರನ್ನೂ ಹೊರಗಿಡಿ, ಉಳಿಯೋದು 96. ರಾಜ ರಾಜನೇ, ರಾಣಿ ಮಂತ್ರಿ. ಚುಕ್ಕಿ ಇಲ್ಲದ ನಾಲ್ಕು ಬಣ್ಣದಲ್ಲಿ ಹತ್ತು ದೊಡ್ಡದು, ಚುಕ್ಕಿ ಇರುವ ನಾಲ್ಕರಲ್ಲಿ ಎಕ್ಕ ದೊಡ್ಡದು. ಮೂವರಿಗೆ 32ರಂತೆ ಪೂರ್ತಿ ಹಂಚಿ. ಮೊಘಲ್ ಆಟದಲ್ಲಿ ಹಗಲಿಗೆ ಚಿನ್ನದ ನಾಣ್ಯದ ರಾಜ, ರಾತ್ರಿಗೆ ಬೆಳ್ಳಿ ನಾಣ್ಯದ ರಾಜ ಶುರು ಮಾಡುತ್ತಿದ್ದರು. ನೀವು ಹಗಲಿಗೆ ಚುಕ್ಕಿ ಇರುವ ಒಬ್ಬ ರಾಜನನ್ನೂ ರಾತ್ರಿಗೆ ಚುಕ್ಕಿ ಇಲ್ಲದ ಒಬ್ಬನನ್ನೂ ಆರಿಸಿಕೊಳ್ಳಿ. ಹಾಕಿದ ಬಣ್ಣ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು ಅಂತ ಮನೆಯ ನಿಯಮ ಇಟ್ಟುಕೊಂಡರೆ ಮಕ್ಕಳಿಗೆ ಸುಲಭ. ಹೆಚ್ಚು ಸುತ್ತು ಗೆದ್ದವರಿಗೆ ಆಟ.

ಮೊದಲ ಆಟದಲ್ಲಿ ಚುಕ್ಕಿಯ ಎಕ್ಕ ದೊಡ್ಡದು ಅನ್ನೋದನ್ನ ಯಾರಾದರೂ ಮರೆತೇ ಮರೆಯುತ್ತಾರೆ. ಎರಡನೇ ಆಟಕ್ಕೆ ಜಗಳ ಶುರುವಾಗುತ್ತದೆ. ಮೂರನೆಯದಕ್ಕೆ ಮಕ್ಕಳು ನಿಯಮ ಬದಲಿಸೋಣ ಅಂತಾರೆ, ಬಿಡಿ, ಬದಲಿಸಲಿ. ಹೊಸ ನಿಯಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿ, ಕಟ್ಟಿನ ಜೊತೆಯೇ ಡಬ್ಬಿಯಲ್ಲಿಟ್ಟುಬಿಡಿ. ಮುಂದಿನ ಶುಕ್ರವಾರ ಮನೆಗೆ ಬರುವವರು ಅದನ್ನು ಓದಿಕೊಂಡು ಕೂರಲಿ.