ಪವರ್ ಡ್ರಾಬಾರ್: ಗುಂಡಿ ಒತ್ತಿದರೆ ಉಪಕರಣ ಬದಲು

ಬೆಂಗಳೂರು: ಮಿಲ್ಲಿಂಗ್ ಯಂತ್ರದ ಸ್ಪಿಂಡಲ್‌ನೊಳಗೆ ಕತ್ತರಿಸುವ ಉಪಕರಣವನ್ನು ಮೇಲಕ್ಕೆಳೆದು ಬಿಗಿಹಿಡಿಯುವ ಉದ್ದನೆಯ ಸರಳಿಗೆ ಡ್ರಾಬಾರ್ ಎಂದು ಹೆಸರು. ಪ್ರತಿ ಬಾರಿ ಸ್ಪ್ಯಾನರ್ ಹಿಡಿದು ಇದನ್ನು ಸಡಿಲಿಸುವ ಬದಲು, ಗಾಳಿಯ ಒತ್ತಡದಿಂದ ಆ ಕೆಲಸ ಮಾಡಿಸುವ ವ್ಯವಸ್ಥೆಯೇ ಪವರ್ ಡ್ರಾಬಾರ್. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಿಎನ್‌ಸಿ ಯಂತ್ರಗಳಲ್ಲಿ ಇದು ಸಾಮಾನ್ಯ. ಮನೆಯ ಗ್ಯಾರೇಜಿನಲ್ಲಿ ಪುಟ್ಟ ಸಿಎನ್‌ಸಿ ಯಂತ್ರವಿಟ್ಟುಕೊಂಡ ಹವ್ಯಾಸಿಗಳು ಮಾತ್ರ ಇದನ್ನು ಬಹುಮಟ್ಟಿಗೆ ತಾವೇ ವಿನ್ಯಾಸಗೊಳಿಸಿಕೊಳ್ಳಬೇಕಾಗುತ್ತದೆ.

ಎರಡು ಮಾರ್ಗಗಳು

ಹವ್ಯಾಸಿ ಯಂತ್ರಗಳಲ್ಲಿ ಹೆಚ್ಚಾಗಿ ಕಂಡುಬರುವುದು ಅಮೆರಿಕದ ಬ್ರಿಜ್‌ಪೋರ್ಟ್ ಯಂತ್ರಗಳಿಂದ ಬಂದ ಆರ್8 ಎಂಬ ಇಳಿಜಾರು ರಂಧ್ರ. ಇದರ ಡ್ರಾಬಾರ್‌ಗೆ 7/16 ಅಂಗುಲ ವ್ಯಾಸದ, ಅಂಗುಲಕ್ಕೆ 20 ಸುತ್ತುಗಳ ಮರೆ ಇರುತ್ತದೆ. ಸ್ಪಿಂಡಲ್‌ನ ಮೇಲ್ಗಡೆ ಗಾಳಿಚಾಲಿತ ಇಂಪ್ಯಾಕ್ಟ್ ರೆಂಚ್ ಅಳವಡಿಸಿ ಈ ಮರೆಯನ್ನು ತಿರುಗಿಸುವುದು ಮೊದಲನೆಯ ಮಾರ್ಗ. ಇದು ಅಗ್ಗ ಮತ್ತು ಸರಳ. ಆದರೆ ಬಿಗಿತ ಪ್ರತಿಬಾರಿ ಒಂದೇ ಸಮನಾಗಿರುವ ಭರವಸೆಯಿಲ್ಲ.

ಎರಡನೆಯದು ಸ್ಪ್ರಿಂಗ್ ಮಾರ್ಗ. ತಟ್ಟೆಯಾಕಾರದ ಬೆಲ್‌ವಿಲ್ ವಾಷರ್‌ಗಳ ಸಾಲು ಡ್ರಾಬಾರನ್ನು ಸದಾ ಮೇಲಕ್ಕೆ ಎಳೆದಿರುತ್ತದೆ. ಗಾಳಿಯ ಸಿಲಿಂಡರ್ ಅದನ್ನು ಕೆಳಕ್ಕೆ ಒತ್ತಿದಾಗ ಮಾತ್ರ ಉಪಕರಣ ಸಡಿಲಗೊಳ್ಳುತ್ತದೆ. ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಈ ಕ್ರಮ ಆಕಸ್ಮಿಕವಲ್ಲ. ವಿದ್ಯುತ್ ಹೋದರೂ, ಗಾಳಿಯ ಕೊಳವೆ ಒಡೆದರೂ ಉಪಕರಣ ಕಳಚಿ ಬೀಳುವುದಿಲ್ಲ.

ಲೆಕ್ಕಾಚಾರ

ಹಿಡಿತಕ್ಕೆ 10,000 ನ್ಯೂಟನ್, ಅಂದರೆ ಸುಮಾರು ಒಂದು ಟನ್ ಬಲ ಬೇಕೆಂದು ಇಟ್ಟುಕೊಳ್ಳೋಣ. ಒಂದು ವಾಷರ್ 0.3 ಮಿ.ಮೀ. ಕುಗ್ಗಿದಾಗ 2,500 ನ್ಯೂಟನ್, 0.4 ಮಿ.ಮೀ. ಕುಗ್ಗಿದಾಗ 3,200 ನ್ಯೂಟನ್ ಬಲ ನೀಡುತ್ತದೆ ಎಂದು ಭಾವಿಸಿದರೆ, ಒಂದರೊಳಗೊಂದು ಕೂರಿಸಿದ ನಾಲ್ಕು ವಾಷರ್‌ಗಳ ಬಲ ನಾಲ್ಕು ಪಟ್ಟಾಗುತ್ತದೆ. ಇಂತಹ ಹತ್ತು ಗುಂಪುಗಳನ್ನು ಎದುರುಬದುರಾಗಿ ಜೋಡಿಸಿದರೆ ಬಲ ಹೆಚ್ಚುವುದಿಲ್ಲ, ಚಲನೆ ಹತ್ತು ಪಟ್ಟಾಗುತ್ತದೆ. ಹೀಗೆ 40 ವಾಷರ್‌ಗಳ ಸಾಲು 10,000 ನ್ಯೂಟನ್ ಬಲದಿಂದ ಹಿಡಿದಿರುತ್ತದೆ. ಇನ್ನೂ 1 ಮಿ.ಮೀ. ಒತ್ತಲು ಬಲವು 12,800 ನ್ಯೂಟನ್‌ಗೆ ಏರಬೇಕು.

100 ಮಿ.ಮೀ. ಒಳವ್ಯಾಸದ ಸಿಲಿಂಡರ್ 6 ಬಾರ್ ಒತ್ತಡದಲ್ಲಿ ನೀಡುವುದು ಸುಮಾರು 4,700 ನ್ಯೂಟನ್ ಮಾತ್ರ. ಆದ್ದರಿಂದ ಒಂದರ ಮೇಲೊಂದು ಪಿಸ್ಟನ್‌ಗಳನ್ನಿರಿಸುವ ಬಹುಹಂತದ ಸಿಲಿಂಡರ್ ಅಥವಾ ಸನ್ನೆ ಅನಿವಾರ್ಯ. ನಾಲ್ಕಕ್ಕೆ ಒಂದರ ಸನ್ನೆಯಿಂದ ಬಲ 18,800 ನ್ಯೂಟನ್ ಆಗುತ್ತದೆ. ಘರ್ಷಣೆಯಲ್ಲಿ ಒಂದಷ್ಟು ನಷ್ಟವಾದರೂ ಸಾಕಾಗುತ್ತದೆ. ಪ್ರತಿಯಾಗಿ ಸಿಲಿಂಡರ್ ನಾಲ್ಕು ಪಟ್ಟು ದೂರ ಚಲಿಸಬೇಕು.

ಉಪಕರಣದ ಹಿಡಿಕೆ

ಇಷ್ಟು ಅಲ್ಪ ಚಲನೆಯಲ್ಲಿ ಉಪಕರಣ ಬದಲಾಗಬೇಕಾದರೆ ಪ್ರತಿ ಬಾರಿ ಕಾಲೆಟ್ಟನ್ನೇ ಹೊರತೆಗೆಯುವಂತಿಲ್ಲ. ಅಮೆರಿಕದ ಟಾರ್ಮಾಕ್ ಸಂಸ್ಥೆಯ ಟಿಟಿಎಸ್ ಪದ್ಧತಿಯಲ್ಲಿ ಮುಕ್ಕಾಲು ಅಂಗುಲದ ಕಾಲೆಟ್ ಸ್ಪಿಂಡಲ್‌ನಲ್ಲೇ ಉಳಿಯುತ್ತದೆ. ನೇರ ದಂಡವುಳ್ಳ ಹಿಡಿಕೆ ಮಾತ್ರ ಬದಲಾಗುತ್ತದೆ. ಹಿಡಿಕೆಯ ಅಂಚು ಸ್ಪಿಂಡಲ್‌ನ ಮೂತಿಗೆ ತಾಗಿ ನಿಲ್ಲುವುದರಿಂದ ಉಪಕರಣದ ಎತ್ತರವನ್ನು ಮತ್ತೆ ಮತ್ತೆ ಅಳೆಯಬೇಕಿಲ್ಲ. ಆದರೆ ಇಲ್ಲಿ ಹಿಡಿತವೆಲ್ಲ ಘರ್ಷಣೆಯದು. ಎಳೆತ ಸಾಲದಿದ್ದರೆ ಭಾರೀ ಕೊರೆತದ ವೇಳೆ ಹಿಡಿಕೆ ಕೆಳಕ್ಕೆ ಜಾರಿ, ತಯಾರಾಗುತ್ತಿರುವ ಭಾಗವೇ ಹಾಳಾಗಬಹುದು.

ಬೇರಿಂಗ್ ಉಳಿಸುವ ಬಗೆ

ವಿನ್ಯಾಸಕಾರರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಸಿಲಿಂಡರನ್ನು ಯಂತ್ರದ ತಲೆಗೆ ನೇರವಾಗಿ ಬಿಗಿದರೆ, ಸ್ಪ್ರಿಂಗ್ ಒತ್ತುವ ಟನ್ನಿಗೂ ಮಿಕ್ಕ ಬಲವೆಲ್ಲ ಸ್ಪಿಂಡಲ್‌ನ ಬೇರಿಂಗ್‌ಗಳ ಮೂಲಕವೇ ಹಾದುಹೋಗುತ್ತದೆ. ಸಣ್ಣ ಯಂತ್ರದ ಬೇರಿಂಗ್‌ಗಳು ಪ್ರತಿ ಬದಲಾವಣೆಗೂ ಈ ಹೊರೆಯನ್ನು ತಡೆದುಕೊಳ್ಳಲಾರವು. ಇದಕ್ಕೆ ಪರಿಹಾರವೆಂದರೆ ಸಿಲಿಂಡರನ್ನು ತುಸು ಮೇಲೆ ಕೆಳಗೆ ಸರಿಯುವಂತೆ ತೇಲುವ ಚೌಕಟ್ಟಿನಲ್ಲಿರಿಸುವುದು. ಡ್ರಾಬಾರನ್ನು ಒತ್ತುವಾಗ ಚೌಕಟ್ಟಿನ ಕೊಕ್ಕೆ ಸ್ಪಿಂಡಲ್‌ನ ಮೇಲ್ಭಾಗದ ಅಂಚನ್ನೇ ಹಿಡಿದು ಮೇಲಕ್ಕೆಳೆಯುತ್ತದೆ. ಒತ್ತುವ ಮತ್ತು ಎಳೆಯುವ ಬಲಗಳು ಸ್ಪಿಂಡಲ್‌ನಲ್ಲಿಯೇ ಸರಿದೂಗಿ, ಬೇರಿಂಗ್ ಮೇಲೆ ಹೊರೆ ಬೀಳುವುದಿಲ್ಲ.

ಸುರಕ್ಷತೆ

ಸ್ಪಿಂಡಲ್ ತಿರುಗುವಾಗ ಪಿಸ್ಟನ್ ಹಾಗೂ ಡ್ರಾಬಾರ್‌ನ ತಲೆಯ ನಡುವೆ ಅರ್ಧ ಮಿ.ಮೀ.ನಷ್ಟಾದರೂ ಅಂತರವಿರಬೇಕು. ಕೊಕ್ಕೆಯೂ ಅಂಚಿನಿಂದ ಬಿಡಿಸಿಕೊಂಡಿರಬೇಕು. ಈ ಅಂತರವನ್ನೂ ಸೇರಿಸಿದರೆ, ಮೇಲಿನ ಉದಾಹರಣೆಯಲ್ಲಿ ಸಿಲಿಂಡರ್ 6 ಮಿ.ಮೀ. ಚಲಿಸಬೇಕಾಗುತ್ತದೆ. ಸ್ಪಿಂಡಲ್ ಪೂರ್ಣವಾಗಿ ನಿಲ್ಲುವವರೆಗೆ ಗಾಳಿಯ ಕವಾಟ ತೆರೆಯದಂತೆ, ಪಿಸ್ಟನ್ ಹಿಂದೆ ಸರಿಯುವವರೆಗೆ ಮೋಟಾರು ಚಾಲೂ ಆಗದಂತೆ ಸ್ವಿಚ್‌ಗಳನ್ನು ಅಳವಡಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಗುಂಡಿ ಒತ್ತುವ ಮುನ್ನ ಉಪಕರಣಕ್ಕೆ ಕೈ ಆಸರೆ ಇರಲಿ, ಆದರೆ ಹರಿತವಾದ ಅಲಗನ್ನು ಬರಿಗೈಯಲ್ಲಿ ಹಿಡಿಯಕೂಡದು.

ವಾಷರ್‌ಗಳು ಕಾಲಕ್ರಮೇಣ ಬಿರುಕು ಬಿಡುತ್ತವೆ, ಗ್ರೀಸ್ ಒಣಗುತ್ತದೆ. ಆಗ ಗುಂಡಿ ಎಂದಿನಂತೆ ಕೆಲಸ ಮಾಡುತ್ತಿದ್ದರೂ ಹಿಡಿತ ಮಾತ್ರ ಸದ್ದಿಲ್ಲದೆ ಕುಗ್ಗಿರುತ್ತದೆ. ಆದಕಾರಣ ಎಳೆತದ ಬಲವನ್ನು ಆಗಾಗ್ಗೆ ಅಳೆದು ನೋಡುವುದು ಒಳಿತು.