ಗದ್ದಲ ಮಾಡದ ಮಗು

1980ರ ದಶಕದ ಆರಂಭದಲ್ಲಿ ನಾನು ರಾಜಾಜಿನಗರದ ಶಾಲೆಯೊಂದರಲ್ಲಿ ಓದುತ್ತಿದ್ದೆ. ತರಗತಿಯ ಒಬ್ಬ ಹುಡುಗ ದಿನವೂ ಜಗಳವಾಡಿ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಪಡೆಯುತ್ತಿದ್ದ. ಇನ್ನೊಬ್ಬ ಕಿಟಕಿಯ ಪಕ್ಕ ಕುಳಿತು ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಪ್ರಗತಿಪತ್ರದಲ್ಲಿ ಅವನ ನಡತೆ 'ಉತ್ತಮ'. ಏಳನೆಯ ತರಗತಿಯ ನಂತರ ಅವನು ಶಾಲೆಗೆ ಬರಲಿಲ್ಲ. ಏಕೆಂದು ಯಾರೂ ವಿಚಾರಿಸಲಿಲ್ಲ, ನಾನೂ ಕೂಡ.

ಇಂಥ ಮಕ್ಕಳು ಶಾಲೆಯ ಕಣ್ಣಿಗೆ ಬೀಳದಿರುವುದು ಹಳೆಯ ಸಮಸ್ಯೆ. ಲೈಟ್ನರ್ ವಿಟ್ಮರ್ 1896ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಮೊದಲ ಚಿಕಿತ್ಸಾಲಯವನ್ನು ತೆರೆದಾಗ ಅಲ್ಲಿಗೆ ಮೊದಲು ಬಂದವನು ಪದಗಳನ್ನು ತಪ್ಪಿಲ್ಲದೆ ಬರೆಯಲಾಗದ ಒಬ್ಬ ಹುಡುಗ. ಅವನನ್ನು ಕರೆತಂದದ್ದು ಶಾಲಾ ಶಿಕ್ಷಕಿ. ಪರೀಕ್ಷಿಸಿದಾಗ ಕಣ್ಣಿನ ದೋಷ ಪತ್ತೆಯಾಯಿತು!

ಆದರೆ ಶಿಕ್ಷಕರು ಯಾವ ಮಗುವನ್ನು ಕರೆತರುತ್ತಾರೆ? 1928ರಲ್ಲಿ ವಿಕ್‌ಮನ್ ಎಂಬವರು ಮಕ್ಕಳ ವರ್ತನೆಗಳ ಪಟ್ಟಿಯೊಂದನ್ನು ಶಿಕ್ಷಕರಿಗೂ ಮಾನಸಿಕ ತಜ್ಞರಿಗೂ ಕೊಟ್ಟು, ಯಾವುದು ಎಷ್ಟು ಗಂಭೀರವೆಂದು ಕೇಳಿದರು. ಕಳ್ಳತನ, ಸುಳ್ಳು, ಅವಿಧೇಯತೆ ಎಂದರು ಶಿಕ್ಷಕರು. ಒಂಟಿಯಾಗಿರುವುದು, ಖಿನ್ನತೆ, ಅಂಜಿಕೆ ಎಂದರು ತಜ್ಞರು. ಇಲ್ಲೊಂದು ಲೋಪವಿತ್ತು. ಶಿಕ್ಷಕರಿಗೆ ಈಗಿನ ತೊಂದರೆಯನ್ನೂ ತಜ್ಞರಿಗೆ ಮಗುವಿನ ಭವಿಷ್ಯವನ್ನೂ ಗಮನದಲ್ಲಿಡುವಂತೆ ಸೂಚಿಸಲಾಗಿತ್ತು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಎರಡು ಬೇರೆ ಅಳತೆಗೋಲುಗಳ ಓದಿಕೆಗಳನ್ನು ಹೀಗೆ ಹೋಲಿಸಿದರೆ ಅಂಕ ಸಿಗದು. ಮುಂದೆ 1964–65ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಮೈಕೆಲ್ ರಟರ್ ಮತ್ತು ಸಂಗಡಿಗರು ಪೋಷಕರಿಗೂ ಶಿಕ್ಷಕರಿಗೂ ಪ್ರಶ್ನಾವಳಿ ನೀಡಿದರು. ಇಬ್ಬರೂ ಗುರುತಿಸಿದ ಮಕ್ಕಳು ಬಹುಮಟ್ಟಿಗೆ ಬೇರೆ ಬೇರೆ. ಮನೆ, ಶಾಲೆ ಎರಡನ್ನೂ ಕೇಳಬೇಕೆಂಬುದು ಆಗ ಸ್ಪಷ್ಟವಾಯಿತು.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ಮನೋವಿಜ್ಞಾನಿ ಮಾಳವಿಕಾ ಕಪೂರ್ 1970ರ ದಶಕದ ಕೊನೆಯ ವೇಳೆಗೆ ಶಾಲಾ ಶಿಕ್ಷಕರಿಗೆ ತರಬೇತಿ ನೀಡತೊಡಗಿದರು. ಮಗುವಿನ ತೊಂದರೆಯನ್ನು ಗುರುತಿಸಿ, ಮಾತನಾಡಿಸಿ, ಅಗತ್ಯವಿದ್ದವರನ್ನು ಮಾತ್ರ ಆಸ್ಪತ್ರೆಗೆ ಕಳಿಸುವಷ್ಟು ಸಾಮರ್ಥ್ಯ ಶಿಕ್ಷಕರಿಗೇ ಬರಬೇಕೆಂಬುದು ಇದರ ಹಿಂದಿನ ವಿಚಾರ. ಕೆಂಗೇರಿಯ ಕೂಲಿಕಾರ್ಮಿಕರೊಬ್ಬರು ಮಗುವನ್ನು ಹೊಸೂರು ರಸ್ತೆಯ ಆಸ್ಪತ್ರೆಗೆ ಕರೆದೊಯ್ದರೆ ಆ ದಿನದ ಕೂಲಿ ಹೋದಂತೆಯೇ. ಹಾಗಾಗಿ ಈ ವಿಚಾರದ ಬೆಲೆ ದೊಡ್ಡದು. ಕಪೂರ್ ಅವರು ಭಾರತೀಯ ಶಾಲೆಗಳಲ್ಲಿನ ಮಾನಸಿಕ ಆರೋಗ್ಯವನ್ನು ಕುರಿತು 1997ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು.

ಬೆಂಗಳೂರಿನ ನಗರ, ಕೊಳೆಗೇರಿ ಹಾಗೂ ಗ್ರಾಮೀಣ ಪ್ರದೇಶಗಳ 16 ವರ್ಷದವರೆಗಿನ 2064 ಮಕ್ಕಳ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಶೇಕಡಾ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಹಾಸಿಗೆ ಒದ್ದೆ ಮಾಡುವುದು, ಉಗ್ಗುವಿಕೆಗಳೂ ಇದರಲ್ಲಿ ಸೇರಿವೆ. ತಮ್ಮ ಮಗುವಿಗೆ ತೊಂದರೆಯಿದೆ ಎಂದು ಭಾವಿಸಿದ್ದ ಕುಟುಂಬಗಳು ಶೇಕಡಾ 37.5 ಮಾತ್ರ. 50 ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಸುಮಾರು ಆರು ಮಕ್ಕಳಾದರು. ಅವರಲ್ಲಿ ನಾಲ್ವರ ಮನೆಯವರಿಗೆ ಅದು ತಿಳಿದೇ ಇರುವುದಿಲ್ಲ.